ಬೋಲ್ಟಿನ ತಲೆ ಯಾವ ಕಡೆಗೆ

೨೦೦೬ರಲ್ಲಿ ನಾನು ಎರ್ನಾಕುಲಂನ ಒಂದು ವಿಮಾ ಕಂಪನಿಯಲ್ಲಿ ವಾಹನ ಸರ್ವೇಯರ್ ಆಗಿದ್ದೆ. ಅಪಘಾತವಾದ ಗಾಡಿಗಳ ನಷ್ಟ ಅಂದಾಜು ಮಾಡುವುದು, ಹಳೆಯ ಗಾಡಿಗಳಿಗೆ ಪಾಲಿಸಿ ಕೊಡುವ ಮೊದಲು ಪರೀಕ್ಷಿಸಿ ವರದಿ ಬರೆಯುವುದು ನನ್ನ ಕೆಲಸ. ಪುತ್ತೂರಿನವಳು, ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದವಳು. ಈಗ ಬರೆಯುತ್ತಿರುವ ಪ್ರಕರಣದಲ್ಲಿ ಏನೇನಾಯಿತು ಎಂಬುದು ಕ್ರಮವಾಗಿ ನೆನಪಿದೆ. ಯಾಕಾಯಿತು ಎಂಬಲ್ಲಿಗೆ ಬಂದಾಗ ಮಾತ್ರ ಇವತ್ತಿಗೂ ತಲೆ ಗೊಂದಲವಾಗುತ್ತದೆ.

ಗಾಡಿ ಪ್ರಭಾಕರ ರಾಯರದು. ಮಂಗಳೂರಿನವರು, ಬ್ಯಾಂಕಿನಿಂದ ನಿವೃತ್ತರಾಗಿ ಕೊಚ್ಚಿಯಲ್ಲೇ ನಿಂತವರು. ಐವತ್ತರ ದಶಕದ ಒಂದು ಪಿಕಪ್ ಕೊಂಡು ಎರಡು ವರ್ಷದಿಂದ ದುರಸ್ತಿ ಮಾಡಿಸುತ್ತಿದ್ದರು. ತಿರುವನಂತಪುರದಲ್ಲಿ ಹಳೆಯ ಗಾಡಿಗಳ ಮೆರವಣಿಗೆ ಇತ್ತು. ಅದಕ್ಕೆ ಮೊದಲು ಪಾಲಿಸಿ ಬೇಕು. ನಾನು ಪರೀಕ್ಷೆಗೆ ಹೋದ ದಿನ ಗ್ಯಾರೇಜಿನಲ್ಲಿ ಹಿಂದಿನ ಫೆಂಡರುಗಳನ್ನು, ಅಂದರೆ ಚಕ್ರದ ಮೇಲಿನ ದೊಡ್ಡ ಮಡ್‌ಗಾರ್ಡುಗಳನ್ನು ಕೂರಿಸುತ್ತಿದ್ದರು. ಈ ಗಾಡಿಯಲ್ಲಿ ಅವು ಸಾಮಾನು ತುಂಬುವ ತೊಟ್ಟಿಯ ಹೊರಮೈಗೆ ಬೋಲ್ಟಿನಿಂದ ಜೋಡಣೆಯಾಗುತ್ತವೆ. ನಡುವೆ ರಬ್ಬರಿನ ಪಟ್ಟಿ. ಎಲ್ಲ ಬೋಲ್ಟುಗಳನ್ನೂ ಮೊದಲು ಸಡಿಲವಾಗಿ ಹಾಕಿ, ಫೆಂಡರನ್ನು ಎತ್ತಿ ಇಳಿಸಿ ಸರಿಹೊಂದಿಸಿ, ಆಮೇಲೆ ಬಿಗಿಯಬೇಕು. ಒಂದನ್ನು ಮೊದಲೇ ಬಿಗಿದರೆ ಉಳಿದ ತೂತುಗಳು ಕೂಡುವುದಿಲ್ಲ.

ಕೆಲಸ ವರ್ಗೀಸ್ ಆಶಾನ್ ಅವರದು. ಅಲ್ಲಿ ಹಿರಿಯ ಮೇಸ್ತ್ರಿಯನ್ನು ಆಶಾನ್ ಎನ್ನುತ್ತಾರೆ. ಅವರು ಬೋಲ್ಟುಗಳನ್ನು ಚಕ್ರದ ಕಡೆಯಿಂದ ತೂರಿಸಿ, ತೊಟ್ಟಿಯ ಒಳಗಡೆ ನಟ್ಟು ಹಾಕುತ್ತಿದ್ದರು. ರಾಯರು ತೊಟ್ಟಿಯೊಳಗೆ ಚಾಚಿದ ಬೋಲ್ಟಿನ ತುದಿಗಳ ಮೇಲೆ ಕೈಯಾಡಿಸಿ ಮುಖ ಸಿಂಡರಿಸಿದರು.

"ಇದೆಂತ ಆಶಾನೇ, ಮುಳ್ಳಿನ ಹಾಗೆ ಉಂಟಲ್ಲ! ಮೆರವಣಿಗೆಯಲ್ಲಿ ನನ್ನ ಮೊಮ್ಮಗಳು ಇಲ್ಲೇ ಕೂರುವುದು. ತಿರುಗಿಸಿ ಹಾಕಿ."

"ಅದು ಹಾಗೆಯೇ ಇರಬೇಕು ಸಾರ್."

"ಯಾಕೆ?"

ಆಶಾನ್ ಸ್ಪ್ಯಾನರನ್ನು ಆ ಕೈಯಿಂದ ಈ ಕೈಗೆ ಬದಲಿಸಿದರು. "ನನಗೆ ಕಲಿಸಿದವರು ಹಾಗೇ ಹಾಕುತ್ತಿದ್ದರು."

ರಾಯರು ನನ್ನ ಕಡೆ ತಿರುಗಿ ನಕ್ಕರು. "ನೀವು ಹೇಳಿ ಮಾರಾಯ್ರೆ. ಅಷ್ಟು ಓದಿದ್ದು ಎಂತಕ್ಕೆ?"

ನಾನು ಹೇಳಿದೆ: "ಹಿಡಿತದಲ್ಲಿ ವ್ಯತ್ಯಾಸವಿಲ್ಲ. ಯಾವ ಕಡೆಯಿಂದ ಹಾಕಿದರೂ ಒಂದೇ."

ಪುಸ್ತಕದ ಪ್ರಕಾರ ಅದು ನಿಜ. ಆಶಾನ್ ಎಲ್ಲ ಬೋಲ್ಟುಗಳನ್ನೂ ಬಿಚ್ಚಿ ತಿರುಗಿಸಿದರು. ಒಳಗಡೆ ನುಣುಪಾದ ತಲೆಗಳು ಸಾಲಾಗಿ ಕೂತವು, ತುದಿಗಳು ಚಕ್ರದ ಕಡೆ ಹೋದವು. ಟೈರಿಗೂ ಬೋಲ್ಟುಗಳ ಸಾಲಿಗೂ ನಡುವೆ ಮೂರು ಬೆರಳಿನ ಜಾಗ ಇದೆಯೆಂದು ನೋಡಿ ವರದಿಗೆ ಸಹಿ ಮಾಡಿದೆ. ಗಾಡಿ ಆಗ ಖಾಲಿ ನಿಂತಿತ್ತು.

ಹೊರಟದ್ದು ಒಂದು ಶನಿವಾರ ಬೆಳಿಗ್ಗೆ. ನನಗೆ ತಿರುವನಂತಪುರದ ಕಚೇರಿಯಲ್ಲಿ ಕೆಲಸವಿದ್ದುದರಿಂದ ರಾಯರ ಪಕ್ಕದಲ್ಲಿ ಕೂತೆ. ಅವರ ಮನೆಯವರು ರೈಲಿನಲ್ಲಿ ಬರುವವರಿದ್ದರು. ಹಿಂದೆ ತೊಟ್ಟಿಯಲ್ಲಿ ಮೆರವಣಿಗೆಯ ಸ್ಟಾಲಿಗೆಂದು ಕಬ್ಬಿಣದ ಕುರ್ಚಿಗಳು, ಎರಡು ಬ್ಯಾಟರಿ, ಟೂಲಿನ ಪೆಟ್ಟಿಗೆ. ಅವುಗಳ ನಡುವೆ ಆಶಾನ್.

ಕೊಲ್ಲಂ ದಾಟಿದ ಮೇಲೆ ಟಿಕ್ ಟಿಕ್ ಎಂದು ಸದ್ದು ಕೇಳಿತು. ಹೊಂಡ ಬಂದಾಗ ಬರುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು. "ಸೈಲೆನ್ಸರ್ ಇರಬೇಕು" ಎಂದರು ರಾಯರು. ಇರಬಹುದು ಎಂದುಕೊಂಡೆ. ರಬ್ಬರ್ ಸುಟ್ಟ ವಾಸನೆ ಬಂತು. ಮುಂದಿದ್ದ ಲಾರಿಯದು ಎಂದುಕೊಂಡೆ. ಆಶಾನ್ ಹಿಂದಿನ ಗಾಜನ್ನು ಬಡಿದರು. ನಾನು ತಿರುಗಿ ನೋಡಿದೆ. ಅವರು ಕೈ ಕೆಳಗೆ ಮಾಡಿ ಏನನ್ನೋ ತೋರಿಸುತ್ತಿದ್ದರು. ನಿಧಾನ ಎಂದೋ, ನಿಲ್ಲಿಸಿ ಎಂದೋ? ತಿಳಿಯುವಷ್ಟರಲ್ಲಿ ಬಲಗಡೆಯ ಹಿಂದಿನ ಟೈರು ಸಿಡಿಯಿತು.

ಗಾಡಿ ಬಲಕ್ಕೆ ಎಳೆಯಿತು. ಎದುರಿಗೆ ಕೆಂಪು ಬಸ್ಸು. ಅದರ ಚಾಲಕ ಎದ್ದು ನಿಂತಂತೆ ಬ್ರೇಕ್ ಒತ್ತಿದ್ದು ಕಂಡಿತು. ಆಮೇಲಿನದು ಪ್ರತಿ ಸಲವೂ ಬೇರೆ ಬೇರೆ ಕ್ರಮದಲ್ಲಿ ನೆನಪಾಗುತ್ತದೆ: ಬಸ್ಸಿನ ಬಂಪರು ನನ್ನ ಕಿಟಕಿಯ ಹತ್ತಿರ ಬಂದು ನಿಂತದ್ದು, ಕುರ್ಚಿಗಳು ರಸ್ತೆಯ ಮೇಲೆ, ರಾಯರ ಬಾಯಿ ತೆರೆದದ್ದು ಮತ್ತು ಯಾವ ಸದ್ದೂ ಕೇಳಿಸದಿದ್ದದ್ದು. ತೊಟ್ಟಿಯಿಂದ ಹೊರಗೆ ಬಿದ್ದ ಆಶಾನ್ ಚರಂಡಿಯ ಅಂಚಿನಲ್ಲಿ ಕೂತಿದ್ದರು. ಬಲಗೈ ತಿರುಚಿಕೊಂಡಿತ್ತು.

ಅವರನ್ನು ಆಸ್ಪತ್ರೆಗೆ ಕಳಿಸಿ ಚಕ್ರದ ಕೆಳಗೆ ಬಗ್ಗಿದೆ. ಎರಡು ಬೋಲ್ಟುಗಳ ತುದಿಗಳು ಉಜ್ಜಿ ಉಜ್ಜಿ ಬೆಳ್ಳಿಯಂತೆ ಹೊಳೆಯುತ್ತಿದ್ದವು. ಟೈರಿನ ತೊಟ್ಟಿಯ ಕಡೆಯ ಮೈಯಲ್ಲಿ ಸುತ್ತಲೂ ಕೊರೆದ ಗೆರೆ. ಭಾರಕ್ಕೆ ತೊಟ್ಟಿ ತಗ್ಗಿ, ಹೊಂಡ ಹೊಂಡಕ್ಕೂ ಆ ತುದಿಗಳು ಟೈರಿಗೆ ತಾಗಿದ್ದವು. ಅದೊಂದೇ ಕಾರಣ ಎನ್ನುವಂತೆಯೂ ಇಲ್ಲ. ಟೈರು ಹಳೆಯದು, ಸ್ಪ್ರಿಂಗ್ ಸೋತದ್ದು. ಇವುಗಳಲ್ಲಿ ಒಂದು ಸರಿಯಿದ್ದಿದ್ದರೆ? ಗೊತ್ತಿಲ್ಲ. ರಾಯರ ಮೊಮ್ಮಗಳು ಹಿಂದೆ ಕೂತಿದ್ದರೆ ಎಂಬ ಯೋಚನೆಯನ್ನು ಪೂರ್ತಿ ಮಾಡಲು ಈವರೆಗೆ ಆಗಿಲ್ಲ.

ಮೂರನೆಯ ದಿನ ಗ್ಯಾರೇಜಿನ ಮಾಲೀಕ ಆಶಾನರನ್ನು ಕೆಲಸದಿಂದ ತೆಗೆದ. ಬೋಲ್ಟು ಉಲ್ಟಾ ಹಾಕಿದ ಮೇಸ್ತ್ರಿ ಎಂಬ ಮಾತು ಹರಡಿದರೆ ಬೇರೆ ಯಾವ ಗ್ಯಾರೇಜೂ ಅವರನ್ನು ಸೇರಿಸುವುದಿಲ್ಲ. ಮಾಲೀಕನಿಗೆ ನಡೆದದ್ದನ್ನು ಹೇಳಿ ಎನ್ನಲು ರಾಯರಿಗೆ ಫೋನು ಮಾಡಿದೆ.

"ಹಾಕಿದ್ದು ಅವನಲ್ವಾ ಮೇಡಂ? ನಮಗೆಂತ ಗೊತ್ತು?"

"ಹಾಕಿಸಿದ್ದು ನೀವು. ಸರಿ ಎಂದದ್ದು ನಾನು."

"ನಿಮ್ಮ ಕೆಲಸಕ್ಕೆ ಪೆಟ್ಟು ಬೀಳ್ತದೆ, ನೋಡಿಕೊಳ್ಳಿ" ಎಂದರು. ಬೆದರಿಕೆಯೋ, ಕಾಳಜಿಯೋ ಅರ್ಥವಾಗಲಿಲ್ಲ.

ಮೇಸ್ತ್ರಿ ಬೇಡವೆಂದರೂ ನನ್ನ ಮಾತಿನ ಮೇಲೆ ಬೋಲ್ಟು ತಿರುಗಿಸಲಾಯಿತು, ಭಾರ ಹಾಕಿ ಅಳೆಯದೆ ನಾನು ಸಹಿ ಮಾಡಿದೆ ಎಂದು ಬರೆದು ಕಚೇರಿಗೆ ಕೊಟ್ಟೆ. ಒಂದು ಪ್ರತಿಯನ್ನು ಮಾಲೀಕನ ಮೇಜಿನ ಮೇಲಿಟ್ಟೆ. ನನ್ನನ್ನು ಆರು ತಿಂಗಳು ಪರೀಕ್ಷೆಯ ಕೆಲಸದಿಂದ ಸರಿಸಿದರು. ಆಶಾನ್ ಗ್ಯಾರೇಜಿಗೆ ಮರಳಿದರು.

ಅವರ ಪ್ಲಾಸ್ಟರ್ ಬಿಚ್ಚಿದ ಮೇಲೆ ನೋಡಲು ಹೋದೆ. ಅದೇ ಪಿಕಪ್ಪಿಗೆ ಫೆಂಡರ್ ಜೋಡಿಸುತ್ತಿದ್ದರು. ಬೋಲ್ಟನ್ನು ತೂತಿನ ಹತ್ತಿರ ಹಿಡಿದು, ತೂರಿಸದೆ ನಿಂತರು.

"ಮೇಡಂ, ಯಾವ ಕಡೆಯಿಂದ ಹಾಕಲಿ?"

"ನೀವು ಯಾವಾಗಲೂ ಹಾಕುವ ಹಾಗೆ, ಆಶಾನೇ."

"ಅದು ಸರಿಯಾ?" ಎಂದು ಕೇಳಿದರು. ನಾನು ಹುಟ್ಟುವ ಮೊದಲಿನಿಂದ ಬೋಲ್ಟು ಹಾಕುತ್ತಿದ್ದ ಮನುಷ್ಯ ನಿಜವಾಗಿಯೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು.

ಕೈಮೂಳೆ ಕೂಡಿತ್ತು. ಆ ಕೈಗೆ ತನ್ನ ಮೇಲಿದ್ದ ನಂಬಿಕೆಯನ್ನು ನಾನು ಒಂದೇ ಮಾತಿನಲ್ಲಿ ಮುರಿದಿದ್ದೆ. ಅದಕ್ಕೆ ವರದಿಯಲ್ಲಿ ಕಾಲಂ ಇರಲಿಲ್ಲ. ಅಂದಿನಿಂದ ಯಾವ ಕೆಲಸಗಾರನಾದರೂ "ಹಾಗೆಯೇ ಇರಬೇಕು" ಎಂದು ಹೇಳಿ ಕಾರಣ ಕೊಡಲು ತಡವರಿಸಿದರೆ, ಕಾರಣ ಹುಡುಕುವುದು ನನ್ನ ಕೆಲಸವೆಂದು ತಿಳಿದು, ಗಾಡಿಗೆ ಭಾರ ಹಾಕಿಸಿ ಅದರ ಕೆಳಗೆ ನುಸುಳಿ ನೋಡುತ್ತೇನೆ. ಕಾಣದಿದ್ದರೆ ಅವನು ಹೇಳಿದಂತೆಯೇ ಬಿಡುತ್ತೇನೆ.