ನೆರಳಿಲ್ಲದ ರೇಷ್ಮೆಪಟ್ಟಿ

ಕೋಟಿನ ಗುಂಡಿಗಳಿಗೆಲ್ಲ ಸಣ್ಣ ನೆರಳಿತ್ತು. ಎಡ ಭುಜದಿಂದ ಬಲ ಸೊಂಟಕ್ಕೆ ಇಳಿದಿದ್ದ ನೀಲಿ ರೇಷ್ಮೆಪಟ್ಟಿಗೆ ಮಾತ್ರ ನೆರಳಿರಲಿಲ್ಲ.

ಮೂರು ವರ್ಷಗಳ ಹಿಂದಿನ ಮಾತು. ತೈಲಚಿತ್ರಗಳ ಸಂರಕ್ಷಣೆ ಓದಿ ಮುಗಿಸಿ, ಸ್ವತಂತ್ರವಾಗಿ ಕೆಲಸ ಹಿಡಿದಿದ್ದೆ. ಚಾಮರಾಜನಗರದಲ್ಲಿ ಕೋಣೆ ಮಾಡಿಕೊಂಡಿದ್ದೆ. ಅಲ್ಲಿನ ಅರಿಸಿನದ ವ್ಯಾಪಾರಿ ಮಹದೇವಪ್ಪನವರು ತಮ್ಮ ತಾತನ ಹೆಸರಿನಲ್ಲಿ ಸಮುದಾಯ ಭವನ ಕಟ್ಟಿಸುತ್ತಿದ್ದರು. ಗುಂಡ್ಲುಪೇಟೆಯ ಹಳೇ ಮನೆಯ ನಡುಮನೆಯಲ್ಲಿದ್ದ ತಾತನ ತೈಲಚಿತ್ರವನ್ನು ಶುಚಿಗೊಳಿಸಿ ಭವನದಲ್ಲಿ ಹಾಕಬೇಕೆಂಬುದು ಅವರ ಆಸೆ. ಚಿತ್ರದಲ್ಲಿ ರುಮಾಲು, ಕಪ್ಪು ಕೋಟು, ಅದರ ಮೇಲೆ ಅಡ್ಡಪಟ್ಟಿ, ಎದೆಯ ಎಡಕ್ಕೆ ನಕ್ಷತ್ರದಂಥ ಹೊಂಬಣ್ಣದ ಪದಕ.

"ಮಹಾರಾಜ್ರು ಕೊಟ್ಟ ಬಿರುದು ಕಣಮ್ಮ," ಎಂದರು ಮೊದಲ ದಿನವೇ. "ಆಹ್ವಾನ ಪತ್ರಿಕೇಲೂ ಇದೇ ಫೋಟೋ. ಪಟ್ಟಿ ಮಾತ್ರ ಒಸಿ ಫಳಫಳ ಅನ್ನಂಗೆ ಮಾಡ್ಕೊಡಿ."

ಬಿರುದಿನ ಪಟ್ಟಿಗಳಿಗೆ ಅವುಗಳದೇ ವ್ಯಾಕರಣವಿದೆ. ಭುಜದಿಂದ ಸೊಂಟಕ್ಕೆ ಇಳಿಯುವ ಅಗಲವಾದ ಪಟ್ಟಿ ಆ ಕಾಲದಲ್ಲಿ ಅತ್ಯುನ್ನತ ದರ್ಜೆಯವರಿಗೆ, ಹೆಚ್ಚಾಗಿ ಅರಸರಿಗೆ, ದೊಡ್ಡ ಅಧಿಕಾರಿಗಳಿಗೆ ಸಲ್ಲುತ್ತಿತ್ತು. ಅದೂ ಸಾಮಾನ್ಯವಾಗಿ ಬಲ ಭುಜದಿಂದ ಎಡಕ್ಕೆ. ಕೆಳಗಿನ ದರ್ಜೆಯವರಿಗೆ ಕೊರಳಲ್ಲೋ ಎದೆಯಲ್ಲೋ ಒಂದು ಪದಕ, ಅಷ್ಟೆ. ಗುಂಡ್ಲುಪೇಟೆಯ ಕಡೆಯ ಒಬ್ಬ ಜಮೀನುದಾರರಿಗೆ ಈ ಪಟ್ಟಿ ಬಂದದ್ದಾದರೂ ಹೇಗೆ? ಈ ಪ್ರಶ್ನೆಯನ್ನು ನನ್ನಲ್ಲೇ ಇಟ್ಟುಕೊಂಡೆ.

ನಡುಮನೆಯ ಕಿಟಕಿಗಳನ್ನು ಮುಚ್ಚಿ ಅಲ್ಟ್ರಾವಯೊಲೆಟ್ ದೀಪ ಹಿಡಿದೆ. ಈ ಬೆಳಕಿನಲ್ಲಿ ಹಳೆಯ ವಾರ್ನಿಷ್ ಹಸಿರಾಗಿ ಮಿನುಗುತ್ತದೆ. ಅದರ ಮೇಲೆ ಆಮೇಲೆ ಬಳಿದ ಬಣ್ಣ ಕಪ್ಪಗೆ ಕಾಣುತ್ತದೆ. ಮುಖ, ರುಮಾಲು, ಕೋಟು ಎಲ್ಲ ಹಸಿರು ಮಂಜಿನೊಳಗಿದ್ದವು. ಪಟ್ಟಿ ಮತ್ತು ಪದಕ ಮಾತ್ರ ಇದ್ದಲು ಎಳೆದಂತೆ ಕಪ್ಪಗಿದ್ದವು. ಚಿತ್ರ ಮುಗಿದು ಎಷ್ಟೋ ಕಾಲದ ನಂತರ ಇನ್ನಾರೋ ಬರೆದದ್ದು.

ಮಹದೇವಪ್ಪನವರಿಗೆ ತಿಳಿಸಿದೆ. ಅವರು ದೀಪವನ್ನೇ ನೋಡಿದರು, ತಪ್ಪು ದೀಪದ್ದೇ ಎಂಬಂತೆ.

"ಹಂಗೇ ಬುಟ್ಬುಡಿ. ಊರಿಗೆಲ್ಲ ಹೇಳ್ಬುಟ್ಟಿವ್ನಿ."

ಹಾಗೇ ಬಿಡುವುದು ನಮ್ಮ ವೃತ್ತಿಯಲ್ಲಿ ತಪ್ಪೇನಲ್ಲ. ಮೇಲೆ ಬಳಿದದ್ದೂ ಚಿತ್ರದ ಚರಿತ್ರೆಯೇ. ತೆಗೆದುಬಿಟ್ಟರೆ ಮತ್ತೆ ಇಡಲು ಬಾರದು. ನಾನು ಒಪ್ಪಿ, ಉಳಿದ ಭಾಗದ ಧೂಳು, ಹೊಗೆ ತೆಗೆಯತೊಡಗಿದೆ.

ಆ ಮನೆಯಲ್ಲಿ ಮಹದೇವಪ್ಪನವರ ಸೋದರತ್ತೆ ಗೌರಮ್ಮ ಇದ್ದರು. ಚಿತ್ರದಲ್ಲಿದ್ದವರ ಮಗಳು. ಕಣ್ಣು ಮಂಜಾಗಿತ್ತು, ಮಾತು ಮೊನಚಾಗಿತ್ತು. ದಿನಾ ಬೆಳಿಗ್ಗೆ ಗೋಡೆಯ ಪಟಗಳಿಗೆಲ್ಲ ಹೂವು ಮುಡಿಸುವರು. ತಂದೆಯ ಚಿತ್ರದ ಮುಂದೆ ಮಾತ್ರ ಬರಿಗೈಯಲ್ಲಿ ದಾಟಿಹೋಗುವರು. ತಂದೆಗೂ ಮಗಳಿಗೂ ಆಗಿಬರುತ್ತಿರಲಿಲ್ಲವೆಂದು ಮನೆಯವರು ತಿಳಿದಿದ್ದರು. ಒಂದು ದಿನ ನಾನೇ ಕೇಳಿದೆ.

"ಅದು ನಮ್ಮಪ್ಪ ಅಲ್ಲ ಕಣ್ ಕೂಸು," ಎಂದರು. "ಅಮಲ್ದಾರ್ ಕಚೇರಿ ದಲಾಯತ. ಅಡ್ಡಪಟ್ಟಿ, ಬಿಲ್ಲೆ, ಎಲ್ಲ ಅದ. ಬಾಗ್ಲು ಕಾಯೋದೊಂದು ಬಾಕಿ."

ಹಳೇ ಕಚೇರಿಗಳ ಜವಾನನ ವೇಷ ನೆನೆದು ನನಗೆ ನಗು ಬಂತು. ಅವರು ನಗಲಿಲ್ಲ.

"ಎದೆ ಮ್ಯಾಲ್ ಲಿಂಗ ಇತ್ತು. ಬೆಳ್ಳಿ ಕರಡಿಗೆ. ಕೋಟಿನ್ ಮ್ಯಾಲೇ ಕಾಣಂಗೆ ಹಾಕ್ಕಳೋರು. ಅಪ್ಪ ತೀರೋದ್ ಮ್ಯಾಲೆ ನಮ್ಮಣ್ಣ ನಾಟಕದ ಪರದೆ ಬರಿಯೋನ್ನ ಕರ್ಸಿ ಇದ್ನ ಬರುಸ್ದ. ಅರಮನೆ ಪಟದಂಗೆ ಕಾಣ್ಲಿ ಅಂತ. ಲಿಂಗ ಇಲ್ದಿರೋ ಎದೆಗೆ ನಾನ್ ಹೆಂಗವ್ವ ಹೂ ಇಡ್ಲಿ?"

ಕರಡಿಗೆ ಎಂದರೆ ಇಷ್ಟಲಿಂಗವನ್ನಿಟ್ಟು ಧರಿಸುವ ಪುಟ್ಟ ಬೆಳ್ಳಿಯ ಗೂಡು. ಧರಿಸಿದವರು ಉಸಿರಿರುವವರೆಗೂ ಅದನ್ನು ಅಗಲುವುದಿಲ್ಲ. ಮಣ್ಣಿಗೆ ಹೋಗುವಾಗಲೂ ಲಿಂಗ ಜೊತೆಗಿರುತ್ತದೆ. ಪರದೆಯ ಕಲಾವಿದ ಅದನ್ನೇ ಮುಚ್ಚಿ ಪದಕ ಬರೆದಿದ್ದ. ಆದರೆ ಬರೆಯುವ ಮುನ್ನ ಅದನ್ನು ಕೆರೆದು ಹಾಕಿದ್ದನೋ ಏನೋ? ಹಾಗಾಗಿದ್ದರೆ ಪದಕದ ಕೆಳಗೆ ಸಿಗುವುದು ಬರೀ ಗಾಯ. ಅದನ್ನು ಈ ವಯಸ್ಸಿನಲ್ಲಿ ಗೌರಮ್ಮನವರಿಗೆ ತೋರಿಸುವುದಕ್ಕಿಂತ ದಲಾಯತನೇ ವಾಸಿ.

ಮಹದೇವಪ್ಪನವರನ್ನು ಕರೆಸಿ, ಗೌರಮ್ಮ ಹೇಳಿದ್ದನ್ನು ತಿಳಿಸಿ, ಕಡಲೆಬೀಜದಷ್ಟು ಜಾಗದಲ್ಲಿ ಪರೀಕ್ಷೆ ಮಾಡಲು ಅನುಮತಿ ಕೇಳಿದೆ. ಅವರು ಅತ್ತೆಯ ಕಡೆ ತಿರುಗಿದರು.

"ಇಷ್ಟ್ ವರ್ಸ ಯಾಕತ್ತೆ ಬಾಯಿ ಬುಡ್ನಿಲ್ಲ?"

"ನಿಮ್ಮಪ್ಪ ಅಷ್ಟ್ ಆಸೆಪಟ್ಟು ಮಾಡ್ಸಿದ್ದ. ಬದ್ಕಿರೋಗಂಟ ಅವ್ನ ಮನ್ಸು ಯಾಕ್ ನೋಯ್ಸ್ಲಿ? ಆಮೇಲ್ ನೀನು ಸುರು ಮಾಡ್ದೆ ಬಿರುದು ಬಿರುದು ಅಂತ."

ಮಹದೇವಪ್ಪ ಒಪ್ಪಿಗೆಯೆಂದು ನನಗೆ ತಲೆಯಾಡಿಸಿದರು. ಎಲ್ಲಿ ಪರೀಕ್ಷಿಸಲೆಂದು ಗೌರಮ್ಮನವರನ್ನು ಕೇಳಿದೆ. ಅವರು ಕಣ್ಣು ಮುಚ್ಚಿ, ತಮ್ಮ ಎದೆಯ ಮೇಲೇ ಬೆರಳಿಟ್ಟು ತೋರಿಸಿದರು: ಎಡಕ್ಕೆ, ಕೊರಳಿನಿಂದ ಅಂಗೈ ಅಗಲ ಕೆಳಗೆ. ಚಿತ್ರದಲ್ಲಿ ಆ ಜಾಗ ಪದಕದ ನಡುಮಧ್ಯಕ್ಕೆ ಬಂತು.

ಕಡ್ಡಿಗೆ ಸುತ್ತಿದ ಹತ್ತಿಯನ್ನು ದ್ರಾವಣದಲ್ಲಿ ಅದ್ದಿ ಮೆಲ್ಲಗೆ ಉರುಳಿಸಿದೆ. ಈಚಿನ ಬಣ್ಣ ಹಳೆಯದಕ್ಕಿಂತ ಬೇಗ ಕರಗುತ್ತದೆ. ನಡುವೆ ವಾರ್ನಿಷ್ ಇದ್ದರೆ ಕೆಳಗಿನ ಬಣ್ಣಕ್ಕೆ ರಕ್ಷಣೆ. ಹತ್ತಿ ಹಳದಿಯಾಯಿತು, ಮತ್ತೊಂದು ಹಳದಿಯಾಯಿತು. ಮೂರನೆಯದರ ಕೆಳಗೆ ಬೂದು ಬಣ್ಣ ಕಂಡಿತು. ಅದರ ಅಂಚಿನಲ್ಲಿ ಬಿಳಿಯ ಒಂದು ಚುಕ್ಕೆ. ಬೆಳ್ಳಿಯ ಮೇಲೆ ಬಿದ್ದ ಬೆಳಕು. ಅದರಡಿ, ಕೋಟಿನ ಮೇಲೆ, ಕೂದಲೆಳೆಯಷ್ಟು ನೆರಳೂ ಇತ್ತು.

"ಕೆರೆದಿಲ್ಲ," ಎಂದೆ.

ಮಹದೇವಪ್ಪ ಬಗ್ಗಿ ನೋಡಿದರು. ಅವರ ಬಲಗೈ ತಾನಾಗಿಯೇ ಅಂಗಿಯ ಮೇಲೆ, ಒಳಗಿದ್ದ ತಮ್ಮ ಕರಡಿಗೆಯ ಮೇಲೆ ಹೋಗಿ ನಿಂತಿತು.

"ತಗ್ದುಬುಡಿ," ಎಂದರು. "ಅದಕ್ಕೂ ಮೊದ್ಲು ಪಟ್ಟಿ ಇರೋದೊಂದು ಒಳ್ಳೇ ಫೋಟೋ ತಕ್ಕಳಿ. ನಮ್ಮಪ್ಪ ಆಸೆಪಟ್ಟಿದ್ದು ಅದು."

"ಭವನದಲ್ಲಿ ಕೇಳಿದವರಿಗೆ ಏನು ಹೇಳುತ್ತೀರಿ?"

"ನಮ್ ತಾತ ಅಂತೀನಿ. ಸಾಲ್ದಾ?"

"ಈಗ ಬಂತು ನೋಡು ಬುದ್ಧಿ," ಎಂದರು ಗೌರಮ್ಮ.

ದೀಪವೂ ದ್ರಾವಣವೂ ಬಣ್ಣದ ವಯಸ್ಸನ್ನು ಹೇಳುತ್ತವೆ. ಆ ಬಣ್ಣ ಯಾರಿಗೆ ಹೆಮ್ಮೆ, ಯಾರಿಗೆ ನೋವು ಎಂಬುದನ್ನು ಹೇಳುವುದಿಲ್ಲ. ಅಂದಿನಿಂದ ಯಾವ ಮನೆಗೆ ಹೋದರೂ, ಚಿತ್ರವನ್ನು ನೋಡುವ ಮೊದಲು, ಅದನ್ನು ನೋಡದೆ ದಾಟಿಹೋಗುವವರು ಯಾರೆಂದು ಗಮನಿಸುತ್ತೇನೆ.

ಆ ಪರೀಕ್ಷೆಯ ಮರುದಿನ ಬೆಳಿಗ್ಗೆ ತೆರಕಣಾಂಬಿ ಮೇಲೆ ಹೋಗುವ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋದೆ. ಗೌರಮ್ಮ ಮಿಂದು, ಮಡಿಲಲ್ಲಿ ಹೂವಿನ ತಟ್ಟೆ ಇಟ್ಟುಕೊಂಡು ಕೂತಿದ್ದರು.

"ಇವತ್ತೇ ಮುಗಿಯೋದಿಲ್ಲ ಅಜ್ಜಿ."

"ನಂಗೇನ್ ಅರ್ಜೆಂಟು? ಇಷ್ಟ್ ದಿನ ಕಾದಿಲ್ವ?"

ದಾಖಲೆಗೆಂದು ಪಟ್ಟಿಯಿದ್ದ ಚಿತ್ರದ ಫೋಟೊ ತೆಗೆದೆ, ಮಹದೇವಪ್ಪನವರ ತಂದೆಯ ನೆನಪಿಗಾಗಿ ಇನ್ನೊಂದನ್ನೂ ತೆಗೆದೆ. ಇಂಥ ಕೆಲಸವನ್ನು ಯಾರ ಕಣ್ಣೂ ಬೀಳದ ಮೂಲೆಯಿಂದ ಆರಂಭಿಸಬೇಕೆಂದು ನಮಗೆ ಕಲಿಸಿದ್ದಾರೆ. ನಾನು ಗೌರಮ್ಮನವರ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದು, ಹತ್ತಿ ಸುತ್ತಿ, ಎದೆಯಿಂದಲೇ ಆರಂಭಿಸಿದೆ.