ಅಧ್ಯಕ್ಷರ ಭಾಷಣಕ್ಕೂ ಅವೇ ಪ್ರಶ್ನೆ

ಓಝರ್‌ನಿಂದ ನಾಸಿಕ್‌ಗೆ ಎಸ್‌ಟಿ ಬಸ್ಸಿನಲ್ಲಿ ನಿಂತೇ ಬಂದು ಮೊದಲ ಪಾಠಕ್ಕೆ ಹೋಗುವಷ್ಟರಲ್ಲೇ ಸುಭದ್ರಾಳ ಸೊಂಟ ಸೋತಿರುತ್ತಿತ್ತು. ಗಂಡ ನರಸಿಂಹಮೂರ್ತಿ ಓಝರ್‌ನ ವಿಮಾನ ಕಾರ್ಖಾನೆಯ ಇಂಜಿನಿಯರು. ಅವನ ಜೊತೆ ಮೈಸೂರು ಬಿಟ್ಟು ಬಂದವಳಿಗೆ ನಾಸಿಕ್‌ನ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತ ವರ್ಷಗಳೇ ಕಳೆದಿದ್ದವು.

೧೯೭೫, ಅಂತರರಾಷ್ಟ್ರೀಯ ಮಹಿಳಾ ವರ್ಷ. ಹತ್ತನೆಯ ತರಗತಿಗೆ ಅಮೆರಿಕದ ಒಂದು ಹಳೆಯ ಭಾಷಣ ಓದಿಸಿ ಎಂದು ಹೆಡ್‌ಮಿಸ್ಟ್ರೆಸ್ ಹೇಳಿದರು. ಗುಲಾಮಳಾಗಿ ಹುಟ್ಟಿದ ಹೆಂಗಸೊಬ್ಬಳು ತುಂಬಿದ ಸಭೆಯಲ್ಲಿ ಎದ್ದು ನಿಂತು ಹೆಣ್ಣಿನ ಹಕ್ಕು ಕೇಳಿದ ಭಾಷಣ ಅದು. ಹುಡುಗಿಯರು ಗೈಡಿನ ಉತ್ತರ ಉರುಹೊಡೆದು ಬಂದರು. ಸುಭದ್ರಾ ಗೈಡು ಮುಚ್ಚಿಸಿದಳು. ಮಾತಾಡಿದ್ದು ಯಾರು, ಯಾರ ಎದುರು, ಏನು ಕೇಳಿದಳು, ಏನನ್ನು ಹೇಳದೆ ಬಿಟ್ಟಳು ಎಂದು ವಾರಗಟ್ಟಲೆ ಕೇಳಿದಳು. ಗೋಡೆಗೆ ಹೇಳಿದ ಹಾಗಿತ್ತು.

ಮಹಿಳಾ ವರ್ಷದ ಸಮಾರಂಭದಲ್ಲಿ ಆ ಭಾಷಣದ ಬಗ್ಗೆ ಹತ್ತನೆಯ ತರಗತಿಯ ರಾಜೀವಿ ಮಾತಾಡಬೇಕಿತ್ತು. ಬಸ್ ಸ್ಟ್ಯಾಂಡಿನ ಎದುರು ಹೋಟೆಲಿಟ್ಟಿದ್ದ ಕುಂದಾಪುರದ ಉಮಾನಾಥರ ಮಗಳು ಅವಳು. ಆದರೆ ಶಾಲೆ ನಡೆಸುವ ಸಂಸ್ಥೆಯ ಅಧ್ಯಕ್ಷರು ಸ್ತ್ರೀಶಕ್ತಿಯ ಬಗ್ಗೆ ಹೊತ್ತು ಮುಳುಗುವ ತನಕ ಕೊರೆದರು. ರಾಜೀವಿಯ ಸರದಿ ಬರಲೇ ಇಲ್ಲ. ಅವಳೂ ಉಳಿದ ಹುಡುಗಿಯರೂ ಚಹಾ ಹಂಚಿದರು.

ಮರುದಿನ ಸುಭದ್ರಾಳಿಗೆ ಗಟ್ಟಿಯಾಗಿ ಮಾತಾಡಲೂ ಬೇಸರ. ಅಧ್ಯಕ್ಷರ ಭಾಷಣಕ್ಕೂ ಅವೇ ಪ್ರಶ್ನೆ ಹಾಕಿ ನೋಡಿ ಎಂದಷ್ಟೇ ಹೇಳಿ ಕುರ್ಚಿಯಲ್ಲಿ ಕುಳಿತುಬಿಟ್ಟಳು.

ಸ್ವಲ್ಪ ಹೊತ್ತಿಗೆ ರಾಜೀವಿ ಎದ್ದಳು. ತರಗತಿ ಮರಾಠಿಯದೆಂಬುದು ಮರೆತು, ಮನೆಮಾತು ಕನ್ನಡವೇ ಬಾಯಿಗೆ ಬಂತು.

“ಟೀಚರ್, ಅವರು ಮಾತಾಡಿದ್ದು ನಮ್ಮ ಹತ್ರ ಅಲ್ಲ, ಮುಂದೆ ಕೂತ ಗಂಡಸರ ಹತ್ರ. ನಮ್ಮನ್ನು ದೇವಿ ಅಂದ್ರು, ತಾಯಿ ಅಂದ್ರು. ನಮಗೆ ಏನು ಬೇಕು ಅಂತ ಕೇಳ್ಲೇ ಇಲ್ಲ.”

“ಮರಾಠಿಯಲ್ಲಿ ಹೇಳಮ್ಮ, ಎಲ್ರಿಗೂ ತಿಳೀಲಿ.”

ಅವಳು ಹೇಳಿದಳು. ಅಮೆರಿಕದ ಹೆಂಗಸಿನ ಎದುರೂ ಇಂಥವರೇ ಕೂತಿರಬೇಕು, ಆದರೂ ಆಕೆ ಹೆದರಲಿಲ್ಲವಲ್ಲ ಎಂದು ಹಿಂದಿನ ಬೆಂಚಿನವಳೊಬ್ಬಳು ಸೇರಿಸಿದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಸುದ್ದಿ ಅಧ್ಯಕ್ಷರ ಕಿವಿಗೆ ಬಿತ್ತು. ಕ್ಷಮೆ ಕೇಳಿಬಿಡಿ ಎಂದು ಹೆಡ್‌ಮಿಸ್ಟ್ರೆಸ್ ಬೇಡಿಕೊಂಡರು. ಪಾಠ ಮಾಡಿದ್ದಕ್ಕೆ ಕ್ಷಮೆ ಹೇಗೆ ಕೇಳುವುದೆಂದು ಸುಭದ್ರಾಳಿಗೆ ತೋಚಲಿಲ್ಲ. ಹತ್ತನೆಯ ತರಗತಿ ಕೈತಪ್ಪಿತು. ಐದನೆಯ ತರಗತಿಗೆ ಎಬಿಸಿಡಿ ತಿದ್ದಿಸುವ ಕೆಲಸ ಪಾಲಿಗೆ ಬಂತು.

ಇಷ್ಟೆಲ್ಲ ಯಾಕೆ, ಬಿಟ್ಟುಬಿಡು ಎಂದ ನರಸಿಂಹಮೂರ್ತಿ.

“ಹೋಗಿ ಬರೋದು ಸುಸ್ತೇ ಕಣ್ರೀ,” ಎಂದಳು ಅವಳು. “ಬಿಟ್ಟು ಮನೇಲಿ ಕೂತರೆ ಇನ್ನೂ ಸುಸ್ತು.”

ಹತ್ತನೆಯ ತರಗತಿಯವರು ಪ್ರತಿ ಪಾಠಕ್ಕೂ ಅಡ್ಡ ಪ್ರಶ್ನೆ ಹಾಕುತ್ತಾರೆಂದು ಹೊಸ ಟೀಚರು ಸ್ಟಾಫ್ ರೂಮಿನಲ್ಲಿ ದೂರತೊಡಗಿದರು. ಸುಭದ್ರಾ ಸೀಮೆಸುಣ್ಣ ಎತ್ತಿಕೊಂಡು ಚಿಕ್ಕ ಮಕ್ಕಳ ತರಗತಿಯ ಕಡೆ ನಡೆದಳು.