ಹಾಲಿಗೆ ಬಿದ್ದ ಊಲಾಂಗ್

ಬೆಳಿಗ್ಗೆ ಮಗಳನ್ನು ಸ್ಕೂಲಿಗೆ ಕಳಿಸಿದೆ. ಇಡ್ಲಿ ಹಿಟ್ಟಿನ ಪಾತ್ರೆಯನ್ನು ಹೀಟರಿನ ಪಕ್ಕಕ್ಕೆ ಸರಿಸಿದೆ. ಕರಿಬೇವಿನ ಕುಂಡಕ್ಕೆ ನೀರು ಹಾಕಿ, ಉದುರಿದ ಎಲೆ ಆರಿಸಿದೆ. ಕಟ್ಟಡದವರಿಗೆಲ್ಲ ಸೇರಿದ ಕೆಳಗಿನ ಬಟ್ಟೆ ಒಗೆಯುವ ಕೋಣೆಯಲ್ಲಿ ನಮ್ಮ ಸರದಿ ಇತ್ತು. ಒಗೆದು ಒಣಗಿಸಿ, ಡ್ರೈಯರಿನ ಜಾಲರಿಯ ನೂಲು ತೆಗೆದು, ಬುಟ್ಟಿ ಎತ್ತಿಕೊಂಡು ಮೇಲೆ ಬಂದೆ.

ಗಂಡ ಒಲೆಯ ಮುಂದೆ ನಿಂತಿದ್ದರು. ಆ ದಿನ ಶೋವ್ಡೆ ಎಂಬ ಊರಿನ ಒಂದು ಕಛೇರಿಯಿಂದ ಅವರ ಕೆಲಸದ ಅರ್ಜಿಗೆ ಉತ್ತರ ಬರಬೇಕಿತ್ತು. ಹಳೆಯ ಕೆಲಸ ಹೋಗಿ, ವರ್ಕ್ ಪರ್ಮಿಟ್ಟಿನ ಗಡುವು ಮುಗಿಯುತ್ತ ಬಂದಿತ್ತು. ಇದೂ ಆಗದಿದ್ದರೆ ಮನೆ ಖಾಲಿ ಮಾಡಿ ಬೆಂಗಳೂರಿಗೆ ಹೊರಡಬೇಕು. ಇಲ್ಲೇ ಬೆಳೆದ ಮಗಳಿಗೆ ಅದನ್ನಿನ್ನೂ ಹೇಳಿರಲಿಲ್ಲ.

"ಶುಂಠಿ ಟೀ ಮಾಡ್ತಿದೀನಿ," ಅಂದರು. "ಯಾಕೋ ಬಣ್ಣಾನೇ ಬರ್ಲಿಲ್ಲ ಕಣೇ. ಇರೋದೆಲ್ಲಾ ಸುರಿದೆ. ಈಗ ಸೊಪ್ಪಿನ ಸಾರಿನ ಥರ ಉಬ್ಕೊಂಡಿದೆ."

ಹಾಲಿನಲ್ಲಿ ಬೆರಳುದ್ದದ ಎಲೆಗಳು ಕುದಿಯುತ್ತಿದ್ದವು. ಕಪಾಟಿನ ಒಳಮೂಲೆಯಲ್ಲಿ ನಾನು ಎತ್ತಿಟ್ಟಿದ್ದ ಪೊಟ್ಟಣ ಕಟ್ಟೆಯ ಮೇಲೆ ಬರಿದಾಗಿ ಬಿದ್ದಿತ್ತು.

"ಟೀಪುಡಿ ಡಬ್ಬ ಮುಂದೇನೇ ಇತ್ತಲ್ರೀ."

"ಖಾಲಿಯಾಗಿತ್ತು. ಇದೂ ಟೀನೇ ಅಲ್ವಾ?"

ಟೀಯೇ. ಕೆಳಗಿನ ಮನೆಯಲ್ಲಿದ್ದ ತೈವಾನಿನ ಹೆಂಗಸು ಊರಿಗೆ ವಾಪಸಾಗುವಾಗ ಕೊಟ್ಟುಹೋದ, ಎತ್ತರದ ಬೆಟ್ಟದಲ್ಲಿ ಬೆಳೆದ ಊಲಾಂಗ್ ಟೀ. ಅಲ್ಲಿನ ಮಂಜಿಗೂ ಚಳಿಗೂ ಎಲೆ ನಿಧಾನ ಬೆಳೆಯುತ್ತದೆ, ಅದಕ್ಕೇ ದಪ್ಪ, ಅದಕ್ಕೇ ಕಹಿ ಕಡಿಮೆ ಎಂದಿದ್ದಳು. ಒಣಗಿದ್ದಾಗ ಕಾಳುಮೆಣಸಿಗಿಂತ ತುಸು ದಪ್ಪನೆಯ ಉಂಡೆ. ಕುದಿನೀರು ಹೊಯ್ದು ಮೊದಲ ನೀರನ್ನು ಚೆಲ್ಲಬೇಕು. ಮತ್ತೆ ಹೊಯ್ದು ಮುಚ್ಚಿ, ಎಲೆ ಬಿಚ್ಚತೊಡಗಿದ ಹೊತ್ತಿಗೆ ಬಗ್ಗಿಸಿಬಿಡಬೇಕು. ನಮ್ಮ ಹಾಗೆ ಬಣ್ಣಕ್ಕೆ ಕಾಯುತ್ತ ನಿಲ್ಲುವಂತಿಲ್ಲ. ಬರುವುದು ತೆಳು ಹಳದಿ, ಅಷ್ಟೇ. ಅವಳ ಮನೆಯಲ್ಲಿ ಮೊದಲ ಲೋಟ ಕುಡಿದು ನಾನು ಚರಟವನ್ನು ಕಸಕ್ಕೆ ಹಾಕಹೊರಟಾಗ ನಗುತ್ತ ಕೈ ಹಿಡಿದಿದ್ದಳು. "ಅದಿನ್ನೂ ಈಗ ಕಣ್ಣು ಬಿಟ್ಟಿದೆ," ಎಂದಿದ್ದಳು. ಅದೇ ಎಲೆಗೆ ಮತ್ತೆ ಮತ್ತೆ ನೀರು, ಪ್ರತಿ ಸಲ ಸ್ವಲ್ಪ ಹೆಚ್ಚು ಹೊತ್ತು.

ಪೊಟ್ಟಣದಲ್ಲಿ ಉಳಿದದ್ದನ್ನು ಶೋವ್ಡೆಯ ಉತ್ತರ ಬಂದ ದಿನ ಮಾಡೋಣವೆಂದು ಇಟ್ಟಿದ್ದೆ. ಒಳ್ಳೆಯ ಉತ್ತರವೇ ಬರುತ್ತದೆ ಎಂದುಕೊಂಡಿದ್ದೆ.

ಫೋನ್ ಬಂತು. ಅವರು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾನು ಒಲೆ ಆರಿಸಿ ಟವೆಲ್ ಮಡಿಚತೊಡಗಿದೆ. ಬುಟ್ಟಿ ಅರ್ಧ ಮುಗಿಯುವ ಮೊದಲೇ ಹೊರಗೆ ಬಂದರು.

"ಬೇರೆಯವರನ್ನ ತಗೊಂಡ್ರಂತೆ."

"ಹೂಂ," ಎಂದೆ. ಅಳು ಬರುತ್ತದೇನೋ ಎಂದು ನೋಡಿದೆ, ಬರಲಿಲ್ಲ. ಹಾಲಿನ ಮೇಲೆ ಕೆನೆ ಕಟ್ಟುತ್ತಿತ್ತು. ಸೋಸಿ, ಎಲೆಗಳನ್ನು ಜಾಲರಿಗೆ ಹಾಕಿ ಬಿಸಿನೀರಿನಲ್ಲಿ ತೊಳೆದೆ. ತೊಳೆದ ನೀರು ತಿಳಿಯಾದ ಮೇಲೆ ಕುದಿನೀರು ಹೊಯ್ದು ಮುಚ್ಚಿದೆ.

"ಇನ್ನೇನಿದೆ ಅದ್ರಲ್ಲಿ?"

"ಇರಿ, ನೋಡೋಣ."

ಮುಚ್ಚಳವನ್ನು ಮೂಗಿಗೆ ಹಿಡಿದೆ. ಮೊದಲು ಶುಂಠಿ, ಹಿಂದೆಯೇ ಬಾಡಿದ ಸುಗಂಧರಾಜದಂಥದ್ದೇನೋ. ಇದೆ ಎಂದು ಗೊತ್ತಾಯಿತು, ಅಷ್ಟೇ. ಇಷ್ಟವಾಯಿತು ಎಂದೇನೂ ಅನ್ನಿಸಲಿಲ್ಲ.

ಗಂಡ ಒಂದು ಗುಟುಕು ಕುಡಿದರು. "ಶೋವ್ಡೆಯವರು ನನ್ನೂ ಹಿಂಗೇ ಕುದಿಸಿ ಸೋಸಿದ್ರು."

"ನಿಮ್ಗೆ ಶುಂಠಿ ಹಾಕಿರ್ಲಿಲ್ಲ ಬಿಡಿ."

ಇಬ್ಬರೂ ಎರಡನೇ ಲೋಟವನ್ನೂ ಕುಡಿದೆವು.

ಸಂಜೆ ಮಗಳು ಬಂದು, ಅಪ್ಪನ ಮುಖ ನೋಡಿ, ಏನಾಯ್ತೆಂದು ಸ್ವೀಡಿಷ್‌ನಲ್ಲಿ ಕೇಳಿದಳು. ಹೇಳಿದೆವು. ಬ್ಯಾಗ್ ಕೆಳಗಿಡದೆ ಕೇಳಿಸಿಕೊಂಡಳು. ಆಮೇಲೆ, ಅಪರೂಪಕ್ಕೆ ಕನ್ನಡದಲ್ಲೇ, "ಕರಿಬೇವಿನ ಗಿಡ ಪ್ಲೇನಲ್ಲಿ ಬಿಡ್ತಾರಾ?" ಎಂದಳು.

"ಅಲ್ಲಿ ಬೇಕಾದಷ್ಟು ಸಿಗುತ್ತಮ್ಮ," ಎಂದರು ಅವರಪ್ಪ.

"ಅದಲ್ಲ. ಇದು."



ರಾತ್ರಿ ಅನ್ನ, ಬೇಳೆಸಾರು, ಹಪ್ಪಳ. ಮಗಳು ಹಪ್ಪಳ ಮಾತ್ರ ತಿಂದಳು. ಮೊದಲು ಮಲಗಿದವರು ಗಂಡ. ಉತ್ತರ ಬರುವವರೆಗೆ ರಾತ್ರಿಯೆಲ್ಲ ಹೊರಳಾಡುತ್ತಿದ್ದವರು, ನಾನು ತಟ್ಟೆ ಎತ್ತಿಡುವಷ್ಟರಲ್ಲಿ ಸೋಫಾದ ಮೇಲೇ ನಿದ್ದೆಹೋಗಿದ್ದರು.